ಇನ್ಸುಲಿನ್ ಖರ್ಚು ಕೈಮೀರಿದಾಗ ಯಾರನ್ನು ಕೇಳಬೇಕು, ಏನಂತ ಕೇಳಬೇಕು?

ಕೈಯಲ್ಲಿ ದುಡ್ಡು ಸಾಲದಿದ್ದಾಗ ಹಲವರು ಯಾರಿಗೂ ಹೇಳದೆ ಇನ್ಸುಲಿನ್ ಯೂನಿಟ್ ಕಡಿಮೆ ಮಾಡಿಬಿಡುತ್ತಾರೆ. ಬಾಟಲಿ ಇನ್ನೂ ನಾಲ್ಕು ದಿನ ಬರಲಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಟೈಪ್ 1 ಮಧುಮೇಹ (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಸಕ್ಕರೆ ಕಾಯಿಲೆ) ಇರುವವರು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದೊಳಗೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತು ಏರಿ ಜೀವಕ್ಕೆ ಅಪಾಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಶುರುವಾದರೆ ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ದುಡ್ಡಿನ ಮಾತು ಆಮೇಲೆ.

ಮೊದಲು ಡಾಕ್ಟರಿಗೆ ಹೇಳಿ

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ನೀವು ಬಾಯಿಬಿಟ್ಟು ಹೇಳದಿದ್ದರೆ ಔಷಧಿಗೆ ಎಷ್ಟು ಕಷ್ಟಪಡುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗುವುದು ಹೇಗೆ? ಸಂಕೋಚ ಬೇಡ. "ಡಾಕ್ಟ್ರೇ, ಇಷ್ಟು ಖರ್ಚು ನಮ್ಮಿಂದ ಆಗ್ತಿಲ್ಲ. ಕಡಿಮೆ ಬೆಲೆಯದ್ದು ಯಾವುದಾದರೂ ಇದ್ಯಾ?" ಅಂತ ನೇರವಾಗಿ ಕೇಳಿ.

ದಾರಿಗಳು ಇರುತ್ತವೆ. ಹಳೆಯ ಹ್ಯೂಮನ್ ಇನ್ಸುಲಿನ್ (ಮನುಷ್ಯನ ದೇಹದ ಇನ್ಸುಲಿನ್ ರೂಪದಲ್ಲೇ ತಯಾರಿಸಿದ್ದು) ಸಾಮಾನ್ಯವಾಗಿ ಹೊಸ ಅನಲಾಗ್ ಇನ್ಸುಲಿನ್‌ಗಿಂತ (ಬೇಗ ಅಥವಾ ದೀರ್ಘಕಾಲ ಕೆಲಸ ಮಾಡುವಂತೆ ಸ್ವಲ್ಪ ಮಾರ್ಪಡಿಸಿದ್ದು) ಅಗ್ಗ. ಪೆನ್‌ಗಿಂತ ಬಾಟಲಿ ಮತ್ತು ಸಿರಿಂಜ್ ಅಗ್ಗವಾಗುವುದುಂಟು. ಬಯೋಸಿಮಿಲರ್ ಕೂಡ ಒಂದು ದಾರಿ. ಅಂದರೆ ಮೂಲ ಇನ್ಸುಲಿನ್‌ನಂತೆಯೇ ಕೆಲಸ ಮಾಡುವ, ಬೇರೆ ಕಂಪನಿ ತಯಾರಿಸಿದ ಔಷಧಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲ ಕೆಲಸ ಮಾಡುವ ಅನಲಾಗ್‌ಗಳ ಜೊತೆ ಅವುಗಳ ಬಯೋಸಿಮಿಲರ್‌ಗಳನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಅಗ್ಗದ್ದು ಅಂದಕೂಡಲೇ ಕಳಪೆ ಅಂದುಕೊಳ್ಳಬೇಕಿಲ್ಲ.

ಆದರೆ ನೀವಾಗಿಯೇ ಬದಲಾಯಿಸಬೇಡಿ. ಬೇಗ ಕೆಲಸ ಮಾಡುವ ಅನಲಾಗ್ ಅನ್ನು ಊಟಕ್ಕೆ ಕೂರುವ ಹೊತ್ತಿಗೆ ತೆಗೆದುಕೊಳ್ಳುತ್ತಾರೆ. ರೆಗ್ಯುಲರ್ ಹ್ಯೂಮನ್ ಇನ್ಸುಲಿನ್ ಸುಮಾರು 30 ನಿಮಿಷ ಮೊದಲೇ ಬೇಕು. ಡೋಸ್ ಕೂಡ ಬದಲಾಗಬಹುದು. ಇನ್ನೊಂದು ಮಾತು: ಬಾಟಲಿಯ ಮೇಲೆ ಒಂದು ಮಿಲಿಲೀಟರಿಗೆ 40 ಯೂನಿಟ್ ಇದೆಯೋ 100 ಇದೆಯೋ ನೋಡಿ, ಅದಕ್ಕೆ ಹೊಂದುವ ಸಿರಿಂಜನ್ನೇ ಬಳಸಿ. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ.

ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳಿದ್ದರೆ ಜೆನೆರಿಕ್ (ಅದೇ ಔಷಧಿ, ಆದರೆ ದೊಡ್ಡ ಬ್ರ್ಯಾಂಡ್ ಹೆಸರಿಲ್ಲದ್ದು) ಬರೆದುಕೊಡಿ ಅನ್ನಿ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಜೊತೆಗೊಯ್ದು, "ಇದರಲ್ಲಿ ಯಾವುದಾದರೂ ಬಿಡಬಹುದಾ?" ಅಂತಲೂ ಕೇಳಿ. ವರ್ಷಗಟ್ಟಲೆ ಸುಮ್ನೆ ಮುಂದುವರಿದ ಮಾತ್ರೆಗಳು ಎಷ್ಟೋ ಸಲ ಸಿಗುತ್ತವೆ.

ಆಮೇಲೆ ನೆರವಿಗೆ ಅರ್ಜಿ

ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಇಂಥವರೊಬ್ಬರು ಇದ್ದಾರೆ ಅನ್ನುವುದೇ ಬಹಳ ರೋಗಿಗಳಿಗೆ ಗೊತ್ತಿರುವುದಿಲ್ಲ. ಯಾವ ಸರ್ಕಾರಿ ಯೋಜನೆ, ಯಾವ ದತ್ತಿ ಸಂಸ್ಥೆ ನಿಮಗೆ ಹೊಂದುತ್ತದೆ ಅಂತ ಅವರನ್ನು ಕೇಳಿ.

ಕೆಲವು ಔಷಧಿ ಕಂಪನಿಗಳು ಆದಾಯ ಕಡಿಮೆ ಇರುವವರಿಗೆ ಔಷಧಿಯನ್ನು ಉಚಿತವಾಗಿಯೋ ಕಡಿಮೆ ಬೆಲೆಗೋ ಕೊಡುತ್ತವೆ. ಆದರೆ ಇದು ತಮ್ಮದೇ ಔಷಧಿಗೆ ಮಾತ್ರ. ಎರಡು ಕಂಪನಿಯ ಔಷಧಿ ಬೇಕಿದ್ದರೆ ಎರಡು ಅರ್ಜಿ. ಗುರುತಿನ ಪತ್ರ, ಆದಾಯದ ದಾಖಲೆ, ಡಾಕ್ಟರ ಚೀಟಿ ಸಾಮಾನ್ಯವಾಗಿ ಎಲ್ಲ ಕಡೆ ಕೇಳುತ್ತಾರೆ. ಅವುಗಳ ಪ್ರತಿಗಳನ್ನು ಒಂದೇ ಫೈಲಿನಲ್ಲಿಡಿ. ಅರ್ಜಿಯಲ್ಲಿ ಡಾಕ್ಟರು ತುಂಬುವ ಭಾಗವೂ ಇರಬಹುದು. ಅದನ್ನು ಅವರಿಗೆ ಬೇಗ ತಲುಪಿಸಿ, ಎರಡು ದಿನ ಬಿಟ್ಟು ನೆನಪಿಸಿ. ಉತ್ತರ ಬರಲು ವಾರಗಳೇ ಹಿಡಿಯಬಹುದು, ಹಾಗಾಗಿ ಔಷಧಿ ಇನ್ನೂ ಕೈಯಲ್ಲಿರುವಾಗಲೇ ಅರ್ಜಿ ಹಾಕಿ. ಅಷ್ಟರಲ್ಲಿ ಮುಗಿದುಹೋಗುವಂತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ವಿಮೆ ಇದ್ದು ಔಷಧಿಗೆ ಒಪ್ಪಿಗೆ ಸಿಗದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಡಾಕ್ಟರ ಪತ್ರ ಲಗತ್ತಿಸಿ ಮೇಲ್ಮನವಿ ಹಾಕಿ.

ಇವರಿಂದ ದೂರವಿರಿ

"ಮೊದಲು ಶುಲ್ಕ ಕಟ್ಟಿ, ಉಚಿತ ಇನ್ಸುಲಿನ್ ಕೊಡಿಸ್ತೀವಿ" ಅನ್ನುವವರಿಗೆ ದುಡ್ಡನ್ನೂ ಕೊಡಬೇಡಿ, ದಾಖಲೆಯನ್ನೂ ಕೊಡಬೇಡಿ. ಅಪರಿಚಿತರಿಂದ ಅಗ್ಗಕ್ಕೆ ಸಿಗುತ್ತದೆ ಅಂತ ಇನ್ಸುಲಿನ್ ಕೊಳ್ಳಬೇಡಿ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಿಸಿಲು ತಾಗಿದ್ದೋ ಹೆಪ್ಪುಗಟ್ಟಿ ಕರಗಿದ್ದೋ ಆದರೆ ನೋಡಲು ಸರಿಯಾಗಿದ್ದರೂ ಅದು ಕೆಲಸ ಮಾಡದೇ ಹೋಗಬಹುದು.