ಮನೆಯಲ್ಲೇ ಸಿಎನ್‌ಸಿ ರೌಟರ್: ಹಳಿ ನೇರವಾಗಿ ಕೂತರೆ ಅರ್ಧ ಯಂತ್ರ ಮುಗಿದಂತೆ

ಮನೆಯಲ್ಲಿ ಕಟ್ಟಿದ ಸಿಎನ್‌ಸಿ ರೌಟರನ್ನು, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರವನ್ನು, ಯಾರಾದರೂ ತೋರಿಸಿದರೆ ನಾನು ಮೊದಲು ಕೆತ್ತಿಸುವುದು ಒಂದು ಸೊನ್ನೆಯನ್ನು. ಕಳೆದ ವರ್ಷ ತುಮಕೂರಿನ ಯುವಕರೊಬ್ಬರು ತೇಗದ ಹಲಗೆಯಲ್ಲಿ ತಾವೇ ಕೆತ್ತಿದ ‘ಆನಂದ’ ಎಂಬ ನಾಮಫಲಕವನ್ನು ತಂದಿದ್ದರು. ದೂರದಿಂದ ಚೆನ್ನಾಗಿಯೇ ಕಾಣುತ್ತಿದ್ದ ಫಲಕವನ್ನು ಬೆಳಕಿಗೆ ಹಿಡಿದಾಗ ನಡುವಿನ ಸೊನ್ನೆ ಮೊಟ್ಟೆಯಂತೆ ಒಂದು ಕಡೆಗೆ ವಾಲಿದ್ದು ಕಂಡಿತು. ಗೆರೆ ಹೊರಟ ಜಾಗಕ್ಕೇ ಬಂದು ಕೂಡಿರಲಿಲ್ಲ. ಕೂಡುವಲ್ಲಿ ಉಗುರಿಗೆ ತಾಗುವಷ್ಟು ಮೆಟ್ಟಿಲು ಉಳಿದಿತ್ತು. ಅವರು ಅಷ್ಟರಲ್ಲಿ ಮೋಟರುಗಳನ್ನೂ ಅವುಗಳನ್ನು ನಡೆಸುವ ಡ್ರೈವರ್ ಬೋರ್ಡುಗಳನ್ನೂ ಬದಲಾಯಿಸಿ ಸಾಕಷ್ಟು ಹಣ ಕಳೆದುಕೊಂಡಿದ್ದರು. ದೋಷವಿದ್ದದ್ದು ಕೆತ್ತುವ ಭಾಗ ಜಾರುವ ಹಳಿಗಳಲ್ಲಿ: ಎರಡು ಹಳಿಗಳ ನಡುವಿನ ಅಂತರ ಒಂದು ತುದಿಗಿಂತ ಇನ್ನೊಂದು ತುದಿಯಲ್ಲಿ ಸುಮಾರು 1 ಮಿ.ಮೀ. ಹೆಚ್ಚಿತ್ತು.

ಇಂಥ ಯಂತ್ರಗಳನ್ನು ನಾನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಈ ಲೇಖನದಲ್ಲಿ ಹಳಿ ಕೂರಿಸುವ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕನ್ನಡ ಅಕ್ಷರಗಳನ್ನು ಕೆತ್ತಬೇಕೆನ್ನುವವರಿಗೆ ಇದು ಇನ್ನೂ ಮುಖ್ಯ. ನೇರ ಗೆರೆಗಳ ಇಂಗ್ಲಿಷ್ ಅಕ್ಷರಗಳಲ್ಲಿ ಮುಚ್ಚಿಹೋಗುವ ತಪ್ಪು ನಮ್ಮ ದುಂಡು ಅಕ್ಷರಗಳಲ್ಲಿ ಪ್ರತಿ ತಿರುವಿನಲ್ಲೂ ಎದ್ದು ಕಾಣುತ್ತದೆ.

ಅಳತೆ ಮತ್ತು ಸಾಮಾನು

ಮೊದಲ ಯಂತ್ರಕ್ಕೆ 800 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಚೌಕಟ್ಟು ಸಾಕು. ಇದರಲ್ಲಿ ಸುಮಾರು 600 × 400 ಮಿ.ಮೀ. ಜಾಗದಲ್ಲಿ ಕೆಲಸ ಮಾಡಬಹುದು. ಪ್ಲೈವುಡ್ಡಿನ ಪೂರ್ತಿ ಹಾಳೆಯನ್ನೇ ಕತ್ತರಿಸುವ ಯಂತ್ರ ಬೇಕೆಂದು ಹೊರಡುವವರು ಸಾಮಾನ್ಯವಾಗಿ ಅರ್ಧದಲ್ಲೇ ನಿಲ್ಲುತ್ತಾರೆ, ಏಕೆಂದರೆ ಉದ್ದ ಹೆಚ್ಚಿದಂತೆ ಬಾಗುವಿಕೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ: ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಕಂಬಿಯ ಉದ್ದವನ್ನು ಎರಡು ಪಟ್ಟು ಮಾಡಿದರೆ, ನಡುವೆ ಅದೇ ಭಾರ ಹೊತ್ತಾಗ ಅದು ಎಂಟು ಪಟ್ಟು ಬಾಗುತ್ತದೆ.

ಈ ಅಳತೆಯ ನನ್ನ ಯಂತ್ರಕ್ಕೆ ಸುಮಾರು 45,000 ರೂಪಾಯಿ ತಗಲಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಚೌಕಟ್ಟು, ಹಳಿ ಮತ್ತು ಬಾಲ್ ಸ್ಕ್ರೂಗಳಿಗೆ (ಮೋಟರ್ ತಿರುಗಿದಂತೆ ಯಂತ್ರದ ಭಾಗವನ್ನು ತಳ್ಳುವ ತಿರುಪುಗಳಿಗೆ) ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಎಲೆಕ್ಟ್ರಾನಿಕ್ ಸಾಮಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಅದನ್ನು ಮುಂದೆ ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು. ಸೊಟ್ಟ ಚೌಕಟ್ಟನ್ನು ಬದಲಾಯಿಸುವುದೆಂದರೆ ಹೊಸ ಯಂತ್ರವನ್ನೇ ಕಟ್ಟಿದಂತೆ.

ಹಳಿಗೆ ಎಸ್‌ಬಿಆರ್ 16 (ಉದ್ದಕ್ಕೂ ಆಧಾರವಿರುವ ದುಂಡು ಹಳಿ) ಅಥವಾ ಅದಕ್ಕಿಂತ ಉತ್ತಮವಾದ ಎಚ್‌ಜಿಆರ್ 15 (ಚೌಕ ಹಳಿ) ತೆಗೆದುಕೊಳ್ಳಿ. ಮೇಜಿನ ಡ್ರಾಯರಿಗೆ ಹಾಕುವ ಚಾನೆಲ್‌ಗಳನ್ನು ಹಳಿಯಾಗಿ ಬಳಸುವ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ಅವುಗಳಲ್ಲಿ ಹುಟ್ಟಿನಿಂದಲೇ ಸಡಿಲವಿರುತ್ತದೆ, ದಯವಿಟ್ಟು ಬಳಸಬೇಡಿ. ಎರಡು ತುದಿಗಳಲ್ಲಿ ಮಾತ್ರ ಹಿಡಿದ 12 ಮಿ.ಮೀ. ದುಂಡು ಕಂಬಿಯೂ ಬೇಡ. ಸ್ಕ್ರೂ ವಿಷಯದಲ್ಲಿ 1605, ಅಂದರೆ 16 ಮಿ.ಮೀ. ದಪ್ಪದ, ಒಂದು ಸುತ್ತಿಗೆ 5 ಮಿ.ಮೀ. ಸಾಗುವ ಬಾಲ್ ಸ್ಕ್ರೂ ನನ್ನ ಆಯ್ಕೆ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಥ್ರೆಡ್ ರಾಡ್ ಒಂದು ಸುತ್ತಿಗೆ ಸಾಗುವುದು 1.25 ಮಿ.ಮೀ. ಮಾತ್ರ. ಅದರಲ್ಲಿ ಯಂತ್ರ ತೆವಳುತ್ತದೆ, ನಟ್ ಬೇಗ ಸವೆಯುತ್ತದೆ, ಸವೆದಷ್ಟೂ ಸೊನ್ನೆ ಕೆಡುತ್ತದೆ.

ಚೌಕಟ್ಟು

4080 (40 × 80 ಮಿ.ಮೀ.) ಅಳತೆಯ ಅಲ್ಯೂಮಿನಿಯಂ ಪ್ರೊಫೈಲ್‌ಗಳನ್ನು ಬೋಲ್ಟ್ ಹಾಕಿ ಜೋಡಿಸುವುದು ಅತ್ಯಂತ ಸುಲಭ. ಎಂಎಸ್ (ಮೃದು ಉಕ್ಕಿನ) ಪೈಪನ್ನು ವೆಲ್ಡ್ ಮಾಡಿಸುವುದು ಅಗ್ಗ, ಗಟ್ಟಿಯೂ ಹೌದು. ಆದರೆ ವೆಲ್ಡಿಂಗ್ ಆರುವಾಗ ಲೋಹ ಎಳೆದುಕೊಂಡು ಚೌಕಟ್ಟು ತಿರುಚಿಕೊಳ್ಳುತ್ತದೆ, ಮೇಲ್ಮೈಯನ್ನು ಮಿಲ್ಲಿಂಗ್ ಮಾಡಿಸದೆ (ಯಂತ್ರದಲ್ಲಿ ಹೆರೆದು ಸಮ ಮಾಡಿಸದೆ) ಅದರ ಮೇಲೆ ಹಳಿ ಕೂರಿಸಲಾಗದು. ಪ್ರೊಫೈಲನ್ನು ಅಂಗಡಿಯಲ್ಲೇ ಮಷಿನ್ ಗರಗಸದಲ್ಲಿ ಕತ್ತರಿಸಿಕೊಡಲು ಹೇಳಿ. ಕೈಗರಗಸದಲ್ಲಿ ಕತ್ತರಿಸಿದ ತುದಿ ಎಂದೂ ಮೂಲೆಮಟ್ಟಕ್ಕೆ ಕೂರುವುದಿಲ್ಲ. ಜೋಡಿಸಿದ ಮೇಲೆ ಎರಡೂ ಕರ್ಣಗಳನ್ನು ಅಳೆಯಿರಿ. 800 ಮತ್ತು 600ರ ಚೌಕಟ್ಟಿಗೆ ಎರಡೂ 1000 ಮಿ.ಮೀ. ಬರಬೇಕು.

ಹಳಿ ಕೂರಿಸುವುದು

ಈ ಕೆಲಸಕ್ಕೆ ಒಂದು ಇಡೀ ಭಾನುವಾರವನ್ನು ಮೀಸಲಿಡಿ. ಬೇಕಾದ ಸಲಕರಣೆ: 0.01 ಮಿ.ಮೀ. ತೋರಿಸುವ ಡಯಲ್ ಗೇಜ್, ಅದರ ಸ್ಟ್ಯಾಂಡ್, ಒಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳ ಕಟ್ಟು), ಗಟ್ಟಿ ನೂಲು, ಲಗೇಜ್ ತೂಗುವ ಪುಟ್ಟ ಸ್ಪ್ರಿಂಗ್ ತಕ್ಕಡಿ.

ಚೌಕಟ್ಟನ್ನು ಮರದ ಮೇಜಿನ ಮೇಲೆ ಇಡಬೇಡಿ, ಮೇಜು ಎಷ್ಟು ಸೊಟ್ಟವೋ ಚೌಕಟ್ಟೂ ಅಷ್ಟೇ ಸೊಟ್ಟಗಾಗುತ್ತದೆ. ಪಾಲಿಶ್ ಮಾಡಿದ ದಪ್ಪ ಗ್ರಾನೈಟ್ ಚಪ್ಪಡಿ ಮನೆಮಟ್ಟಿಗೆ ಒಳ್ಳೆಯ ಆಧಾರ. ಜಿಗಣಿಯಂಥ ಕಡೆ ಗ್ರಾನೈಟ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ನೋಡಿ. ನನ್ನ ಚಪ್ಪಡಿ ಹಾಗೆ ಸಿಕ್ಕಿದ್ದು.

ಮೊದಲು ತಿರುಚು ಪರೀಕ್ಷೆ. ಚೌಕಟ್ಟಿನ ನಾಲ್ಕು ಮೂಲೆಗಳ ಮೇಲೆ ಒಂದೇ ದಪ್ಪದ ನಾಲ್ಕು ತುಂಡುಗಳನ್ನಿಟ್ಟು, ಅವುಗಳ ಮೇಲಿನಿಂದ ಎರಡು ನೂಲುಗಳನ್ನು ಕರ್ಣಕ್ಕೊಂದರಂತೆ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ಹಾಯುವಲ್ಲಿ ಅವು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಇರಬೇಕು. ನಂತರ ಕೆಳಗಿನ ನೂಲನ್ನು ಮೇಲಕ್ಕೆ ತಂದು ಇನ್ನೊಮ್ಮೆ ನೋಡಿ. ಒಂದು ಸಲ ಮಾತ್ರ ನೋಡಿದರೆ ಮೇಲಿನ ನೂಲು ಕೆಳಗಿನದನ್ನು ಒತ್ತುತ್ತಿದ್ದರೂ ಸರಿಯಾಗಿದೆಯೆಂದೇ ಅನ್ನಿಸುತ್ತದೆ. ನಡುವೆ 0.5 ಮಿ.ಮೀ. ಅಂತರ ಕಂಡರೆ ಒಂದು ಮೂಲೆ ಸುಮಾರು 1 ಮಿ.ಮೀ. ಎದ್ದಿದೆಯೆಂದು ಅರ್ಥ. ಆ ಮೂಲೆಯ ಬೋಲ್ಟ್‌ಗಳನ್ನು ಸಡಿಲಿಸಿ, ಚೌಕಟ್ಟು ಚಪ್ಪಡಿಯ ಮೇಲೆ ತಾನಾಗಿ ಕೂತ ಮೇಲೆ ಮತ್ತೆ ಬಿಗಿಯಿರಿ.

ಈಗ ಒಂದು ಹಳಿಯನ್ನು ‘ಯಜಮಾನ ಹಳಿ’ ಎಂದು ಗುರುತಿಸಿಕೊಳ್ಳಿ. ಅದನ್ನು ಪ್ರೊಫೈಲಿನ ಅಂಚಿಗೆ ಸಮಾನಾಂತರವಾಗಿಟ್ಟು, ಬೋಲ್ಟ್‌ಗಳನ್ನು ನಡುವಿನಿಂದ ತುದಿಗಳ ಕಡೆಗೆ, ಒಮ್ಮೆಗೇ ಪೂರ್ತಿ ಬಿಗಿಯದೆ ಎರಡು ಮೂರು ಸುತ್ತುಗಳಲ್ಲಿ ಬಿಗಿಯಿರಿ. ಹಳಿಯ ಮೇಲೆ ಜಾರುವ ಬ್ಲಾಕಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆ ಒಂದು ನೇರವಾದ ಸ್ಟೀಲ್ ಪಟ್ಟಿಯ ಅಂಚನ್ನು ಸವರುವಂತೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಳ್ಳಿ. ಪಟ್ಟಿಯ ಎರಡು ತುದಿಗಳಲ್ಲಿ ಗೇಜ್ ಸೊನ್ನೆ ತೋರಿಸುವಂತೆ ಹೊಂದಿಸಿದ ಮೇಲೆ ನಡುವೆ 0.05 ಮಿ.ಮೀ.ಗಿಂತ ಹೆಚ್ಚು ಕದಲಿದರೆ, ಆ ಜಾಗದ ಬೋಲ್ಟ್ ಸಡಿಲಿಸಿ ಹಳಿಯನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಸರಿಸಿ.

ಎರಡನೆಯ ಹಳಿಯಲ್ಲಿ ಬಹುತೇಕ ಎಲ್ಲರೂ ಎಡವುತ್ತಾರೆ. ಅವರು ಟೇಪ್ ಹಿಡಿದು ಎರಡು ತುದಿಗಳಲ್ಲಿ ಅಂತರ ಅಳೆದು, ಎಲ್ಲ ಬೋಲ್ಟ್‌ಗಳನ್ನೂ ಬಿಗಿದು, ಆಮೇಲೆ ಗ್ಯಾಂಟ್ರಿಯನ್ನು (ಎರಡು ಹಳಿಗಳ ಮೇಲೆ ಸೇತುವೆಯಂತೆ ನಿಂತು, ಕೊರೆಯುವ ಮೋಟರನ್ನು ಹೊತ್ತು ಚಲಿಸುವ ಭಾಗವನ್ನು) ಒತ್ತಾಯದಿಂದ ಕೂರಿಸುತ್ತಾರೆ. ಹಾಗೆ ಮಾಡಬೇಡಿ, ಎರಡನೆಯ ಹಳಿಯ ಜಾಗವನ್ನು ಗ್ಯಾಂಟ್ರಿಯೇ ನಿರ್ಧರಿಸಲಿ. ಆ ಹಳಿಯ ಬೋಲ್ಟ್‌ಗಳನ್ನು ಬೆರಳಿನಲ್ಲಿ ತಿರುಗಿಸಿದಷ್ಟಕ್ಕೇ ಬಿಟ್ಟು, ಗ್ಯಾಂಟ್ರಿಯ ಅಡಿಹಲಗೆಯನ್ನು ನಾಲ್ಕೂ ಬ್ಲಾಕ್‌ಗಳ ಮೇಲೆ ಬರಿದೇ ಇಡಿ. ಹಲಗೆಯನ್ನು ಬೋಲ್ಟ್ ಮಾಡುವ ಮೊದಲು ನಾಲ್ಕೂ ಮೂಲೆಗಳಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ. ಮೂರು ಬ್ಲಾಕ್‌ಗಳ ಮೇಲೆ ಕೂತು ನಾಲ್ಕನೆಯದರ ಮೇಲೆ 0.1 ಮಿ.ಮೀ. ಸಂದಿದ್ದರೆ ಆ ತುದಿಯಲ್ಲಿ ಹಳಿ ಅಷ್ಟು ತಗ್ಗಿದೆ. ಅಲ್ಲಿ ಹಳಿಯ ಕೆಳಗೆ ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ಪಟ್ಟಿ ಕೊಡಿ, ಅದರ ತಗಡು ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪವೇ ಇರುತ್ತದೆ. ಕಾಗದ, ರಟ್ಟು, ಇನ್ಸುಲೇಷನ್ ಟೇಪ್ ಯಾವುದನ್ನೂ ಕೊಡಬೇಡಿ. ಭಾರ ಬಿದ್ದಂತೆ ಅವು ಅಮರುತ್ತವೆ, ನೀವು ಮಾಡಿದ ಅಳತೆ ಒಂದು ತಿಂಗಳಲ್ಲಿ ಹೊರಟುಹೋಗುತ್ತದೆ.

ಹಲಗೆ ಸಮವಾಗಿ ಕೂತ ಮೇಲೆ ಅದನ್ನು ಬ್ಲಾಕ್‌ಗಳಿಗೆ ಬಿಗಿದು, ಗ್ಯಾಂಟ್ರಿಯನ್ನು ಒಂದು ತುದಿಗೆ ತಳ್ಳಿ, ಅಲ್ಲಿನ ಬೋಲ್ಟನ್ನು ಬಿಗಿಯಿರಿ. ಇನ್ನೊಂದು ತುದಿಗೆ ಒಯ್ದು ಅಲ್ಲಿನದನ್ನು ಬಿಗಿಯಿರಿ. ಆಮೇಲೆ ನಡುವಿನ ಒಂದೊಂದು ಬೋಲ್ಟಿನ ಬಳಿಗೂ ಗ್ಯಾಂಟ್ರಿಯನ್ನು ತಂದು ನಿಲ್ಲಿಸಿ, ಅದನ್ನಷ್ಟೇ ಬಿಗಿದು ಮುಂದಕ್ಕೆ ಹೋಗಿ. ಕೊನೆಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಗ್ಯಾಂಟ್ರಿಯ ನಡುವಿಗೆ ಸಿಕ್ಕಿಸಿ ಒಂದೇ ವೇಗದಲ್ಲಿ ಎಳೆಯಿರಿ. ಉದ್ದಕ್ಕೂ ತಕ್ಕಡಿ ಹೆಚ್ಚುಕಡಿಮೆ ಒಂದೇ ತೂಕ ತೋರಿಸಬೇಕು. ಒಂದು ಕಡೆ 400 ಗ್ರಾಂ ಇದ್ದು ಇನ್ನೊಂದು ಕಡೆ 1 ಕಿಲೋಗೆ ಏರಿದರೆ ಅಲ್ಲಿ ಹಳಿಗಳು ಹತ್ತಿರವಾಗಿವೆ ಅಥವಾ ದೂರವಾಗಿವೆ. ಆ ಭಾಗವನ್ನು ಮಾತ್ರ ಸಡಿಲಿಸಿ ಮತ್ತೆ ಮಾಡಿ. ಗ್ರೀಸ್ ಹಾಕಿದರೆ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಎಲ್ಲ ಸರಿಯೆನಿಸಿದ ಮೇಲೆ ಒಂದೊಂದೇ ಬೋಲ್ಟ್ ಬಿಚ್ಚಿ, ಮಧ್ಯಮ ಬಿಗಿತದ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಮತ್ತೆ ಬಿಗಿಯಿರಿ.

ಸ್ಕ್ರೂ, ಮೋಟರ್, ಡ್ರೈವರ್

ಉದ್ದನೆಯ ಅಕ್ಷಕ್ಕೆ ನಡುವೆ ಒಂದೇ ಸ್ಕ್ರೂ ಹಾಕಿ ಹಣ ಉಳಿಸಬಹುದು, ಆದರೆ ಬಿಟ್ (ಕೊರೆಯುವ ಮೊನೆ) ಒಂದು ಬದಿಯಲ್ಲಿ ಕೊರೆಯುವಾಗ ಗ್ಯಾಂಟ್ರಿ ಓರೆಯಾಗಲು ನೋಡುತ್ತದೆ. ಆದ್ದರಿಂದ ಎರಡು ಬದಿಗೆ ಎರಡು ಸ್ಕ್ರೂ, ಎರಡು ಮೋಟರ್ ಇರಲಿ. ನಟ್ಟಿನ ಬ್ರಾಕೆಟ್ಟನ್ನು ಕೊನೆಯಲ್ಲಿ ಬಿಗಿಯಬೇಕು, ಅದೂ ಗ್ಯಾಂಟ್ರಿಯನ್ನು ಬೇರಿಂಗ್ ಇರುವ ತುದಿಯ ಸಮೀಪಕ್ಕೆ ತಂದು. ನಡುವಿನಲ್ಲಿ ಬಿಗಿದರೆ ಸ್ಕ್ರೂ ಸ್ವಲ್ಪ ಬಾಗಿ ಜಾಗ ಕೊಡುತ್ತದೆ, ತಪ್ಪು ಕಾಣುವುದಿಲ್ಲ. ತುದಿಗೆ ಹೋದಾಗ ಬಾಗಲಾರದೆ ಮೋಟರ್ ನಿಂತುಬಿಡುತ್ತದೆ. ಸುರುಳಿಯಾಗಿ ಸೀಳಿದ ಅಗ್ಗದ ಅಲ್ಯೂಮಿನಿಯಂ ಕಪ್ಲರ್ (ಮೋಟರನ್ನು ಸ್ಕ್ರೂಗೆ ಜೋಡಿಸುವ ತುಂಡು) ಸ್ಪ್ರಿಂಗಿನಂತೆ ವರ್ತಿಸುತ್ತದೆ, ನಾನು ಅದನ್ನು ಎಲ್ಲಿಯೂ ಹಾಕುವುದಿಲ್ಲ.

ನೆಮಾ 23 ಮೋಟರುಗಳು ನಾಲ್ಕು, ಟಿಬಿ6600 ಡ್ರೈವರುಗಳು ನಾಲ್ಕು, 36 ವೋಲ್ಟಿನ ಒಂದು ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಒಂದು ಆರ್ಡುಯಿನೊ ಊನೊ (ಪುಟ್ಟ ನಿಯಂತ್ರಕ ಬೋರ್ಡು) ಇಷ್ಟಿದ್ದರೆ ವಿದ್ಯುತ್ ಭಾಗ ಮುಗಿಯಿತು. ಆರ್ಡುಯಿನೊದೊಳಗೆ ಹಾಕುವ ಜಿಆರ್‌ಬಿಎಲ್ ತಂತ್ರಾಂಶವನ್ನು ನಾರ್ವೆಯ ಸೀಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು, ಹೀಗಾಗಿ ಅದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ವಿದ್ಯುತ್ ಹರಿಯುತ್ತಿರುವಾಗ ಮೋಟರಿನ ತಂತಿಯನ್ನು ಎಂದೂ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ. ಚೌಕಟ್ಟಿಗೂ ಸ್ಪಿಂಡಲಿನ (ಬಿಟ್ ತಿರುಗಿಸುವ ಮೋಟರಿನ) ಮೈಗೂ ಅರ್ಥಿಂಗ್ ಕೊಡಿ. ಸ್ಪಿಂಡಲ್ ಮತ್ತು ಡ್ರೈವರ್ ಎರಡನ್ನೂ ಒಟ್ಟಿಗೆ ನಿಲ್ಲಿಸುವ ಕೆಂಪು ತುರ್ತು ಸ್ವಿಚ್ಚು ಕೈಗೆ ಸಿಗುವಂತಿರಲಿ. ಅರ್ಥಿಂಗ್ ಮತ್ತು ತುರ್ತು ಸ್ವಿಚ್ಚು ಎರಡರಲ್ಲೂ ಉಳಿತಾಯ ಮಾಡುವ ಹಾಗಿಲ್ಲ.

ಲೆಕ್ಕ ಸರಳವಾಗಿದೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಡ್ರೈವರಿನಲ್ಲಿ 8 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ, 1600 ಆಗುತ್ತದೆ, ಅದನ್ನು 5 ಮಿ.ಮೀ.ಯಿಂದ ಭಾಗಿಸಿದರೆ ಒಂದು ಮಿ.ಮೀ.ಗೆ 320 ಹೆಜ್ಜೆ. ಅಳತೆ ತುಸು ತಪ್ಪಿ ಬಂದಾಗ ಈ 320ನ್ನು 318, 323 ಎಂದು ತಿದ್ದುತ್ತ ಕೂರುವವರಿದ್ದಾರೆ. ಅದು ಬಹುಪಾಲು ಹೆಜ್ಜೆಯ ತಪ್ಪಲ್ಲ, ದಿಕ್ಕು ಬದಲಾಗುವಾಗ ನಟ್ಟಿನಲ್ಲೋ ಬೇರಿಂಗಿನಲ್ಲೋ ಉಳಿದ ಸಡಿಲ. ಗ್ಯಾಂಟ್ರಿಗೆ ಡಯಲ್ ಗೇಜ್ ತಾಗಿಸಿ ಆ ಕಡೆಗೆ 1 ಮಿ.ಮೀ., ಮತ್ತೆ ಈ ಕಡೆಗೆ 1 ಮಿ.ಮೀ. ಚಲಿಸಿ, ಮುಳ್ಳು ಹೊರಟಲ್ಲಿಗೇ ಮರಳದಿದ್ದರೆ ಉಳಿದ ವ್ಯತ್ಯಾಸವೇ ಆ ಸಡಿಲ. ಜಿಆರ್‌ಬಿಎಲ್‌ನಲ್ಲಿ ಅದನ್ನು ಸರಿದೂಗಿಸುವ ಸೌಲಭ್ಯವಿಲ್ಲ, ಆದ್ದರಿಂದ ಬೇರಿಂಗಿನ ನಟ್ಟನ್ನು ಬಿಗಿದೇ ಸರಿಪಡಿಸಬೇಕು.

ಸ್ಪಿಂಡಲ್ ಲಂಬವಾಗಿರಬೇಕು

500 ವಾಟಿನ ಸ್ಪಿಂಡಲ್ ಮರಕ್ಕೆ ಧಾರಾಳವಾಯಿತು. ಅದನ್ನು ಕೂರಿಸಿದ ಮೇಲೆ ಪ್ಲಗ್ ಕಿತ್ತು, ಎಲ್ ಆಕಾರಕ್ಕೆ ಬಾಗಿಸಿದ ಕಂಬಿಯೊಂದನ್ನು ಕಾಲೆಟ್‌ನಲ್ಲಿ (ಬಿಟ್ ಸಿಕ್ಕಿಸುವ ಹಿಡಿಯಲ್ಲಿ) ಹಿಡಿಸಿ, ಅದರ ತುದಿಗೆ ಡಯಲ್ ಗೇಜ್ ಕಟ್ಟಿ, ಕೆಳಗೆ ಒಂದು ಗಾಜಿನ ಹಲಗೆಯಿಟ್ಟು ಕೈಯಿಂದ ಸುತ್ತಿಸಿ. 200 ಮಿ.ಮೀ. ವ್ಯಾಸದ ಸುತ್ತಿನಲ್ಲಿ ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಸಾಕು. ಇಷ್ಟಾದ ಮೇಲೆ ಕೆತ್ತುವ ಮರವನ್ನಿಡುವ ಹಾಸಿಗೆಗೆ 18 ಮಿ.ಮೀ. ಎಂಡಿಎಫ್ (ಮರದ ನಾರಿನ ಹಲಗೆ) ಹಾಕಿ, ಯಂತ್ರದಿಂದಲೇ ಅದರ ಮೇಲ್ಮೈಯನ್ನು ಅರ್ಧ ಮಿ.ಮೀ. ಹೆರೆಯಿರಿ. ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಎನ್95 ಮುಖಗವಸು ಮತ್ತು ವ್ಯಾಕ್ಯೂಮ್ ಎರಡೂ ಬೇಕು.

ಮೊದಲ ಪರೀಕ್ಷೆ

ಮೊನಚು ಬಿಟ್ ಹಾಕಿ, 400 × 300 ಮಿ.ಮೀ. ಆಯತದ ನಾಲ್ಕು ಮೂಲೆಗಳಲ್ಲಿ ನಾಲ್ಕು ಚುಕ್ಕೆ ಕೊರೆಸಿ. ಕರ್ಣಗಳೆರಡೂ 500 ಮಿ.ಮೀ. ಇರಬೇಕು. ಅವುಗಳ ನಡುವೆ 0.8 ಮಿ.ಮೀ. ವ್ಯತ್ಯಾಸ ಬಂದರೆ, 600 ಮಿ.ಮೀ. ಅಗಲದ ಗ್ಯಾಂಟ್ರಿಯ ಒಂದು ತುದಿಯನ್ನು 1 ಮಿ.ಮೀ. ಸರಿಸಬೇಕು. ಸರಿಸಿದ ಜಾಗದಲ್ಲಿ ಎರಡೂ ಬದಿಗೆ ಒಂದೊಂದು ತಡೆಗಟ್ಟೆ ಬೋಲ್ಟ್ ಮಾಡಿಡಿ. ಪ್ರತಿ ಬಾರಿ ಸ್ವಿಚ್ ಹಾಕುವ ಮೊದಲು ಗ್ಯಾಂಟ್ರಿಯನ್ನು ಆ ಎರಡಕ್ಕೂ ತಾಗಿಸಿದರೆ ಅದು ತಾನಾಗಿ ನೇರವಾಗುತ್ತದೆ.

ಆಮೇಲೆ 100 ಮಿ.ಮೀ. ಸೊನ್ನೆ. ಎರಡು ಅಲಗಿನ ಬಿಟ್, ನಿಮಿಷಕ್ಕೆ 12,000 ಸುತ್ತು, ಪ್ರತಿ ಅಲಗಿಗೆ 0.05 ಮಿ.ಮೀ. ಎಂದು ಲೆಕ್ಕ ಹಾಕಿದರೆ ವೇಗ ನಿಮಿಷಕ್ಕೆ 1200 ಮಿ.ಮೀ. ಬರುತ್ತದೆ, ಆಳ 2 ಮಿ.ಮೀ. ಇರಲಿ. ಹೆದರಿ ವೇಗವನ್ನು ತೀರಾ ಇಳಿಸಿದರೆ ಬಿಟ್ ಕತ್ತರಿಸುವುದಕ್ಕಿಂತ ಹೆಚ್ಚು ಉಜ್ಜುತ್ತದೆ, ಮರ ಕಪ್ಪಾಗುತ್ತದೆ. ಕೆತ್ತಿದ ಸೊನ್ನೆಯ ಮೇಲೆ, ಕೆಳಗೆ, ಎಡ, ಬಲ ಈ ನಾಲ್ಕು ಜಾಗಗಳನ್ನು ಉಗುರಿನಿಂದ ಸವರಿ. ಅಲ್ಲಿ ಚಪ್ಪಟೆಯಾಗಿದ್ದರೆ ಸ್ಕ್ರೂವಿನಲ್ಲಿ ಸಡಿಲವಿದೆ; ಇಡೀ ಸೊನ್ನೆ ಓರೆಯಾಗಿದ್ದರೆ ಗ್ಯಾಂಟ್ರಿ ಮೂಲೆಮಟ್ಟಕ್ಕಿಲ್ಲ. ತುಮಕೂರಿನ ಆ ಯುವಕರು ಎರಡನೆಯ ಹಳಿಯನ್ನು ಪೂರ್ತಿ ಬಿಚ್ಚಿ, ಮೇಲೆ ಹೇಳಿದ ಕ್ರಮದಲ್ಲಿ ಮತ್ತೆ ಕೂರಿಸಿದರು. ಹಳೆಯ ಮೋಟರುಗಳನ್ನೇ ಹಾಕಿ ಕೆತ್ತಿದ ‘ಆನಂದ’ದಲ್ಲಿ ಸೊನ್ನೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಬೆರಳಿಗೆ ತಿಳಿಯುತ್ತಿರಲಿಲ್ಲ.