ಲಾಸ್ ವೇಗಸ್‌ನಲ್ಲಿ ಮನೆಯ ನೀರಿನ ಮೀಟರು ಮತ್ತು ನೀರು ಹಾಯಿಸುವ ನಿಯಮಗಳು: ಹೊಸದಾಗಿ ಮನೆ ಕೊಂಡವರಿಗೆ

ವರ್ಷಕ್ಕೆ ಸುಮಾರು 4 ಅಂಗುಲ ಮಳೆ ಬೀಳುವ ಲಾಸ್ ವೇಗಸ್ ಕಣಿವೆ ತನ್ನ ನೀರಿನ ಶೇಕಡ 90ರಷ್ಟನ್ನು ಕೊಲೊರಾಡೊ ನದಿಯಿಂದ, ಅಂದರೆ ಲೇಕ್ ಮೀಡ್ ಜಲಾಶಯದಿಂದ ಪಡೆಯುತ್ತದೆ. ಆ ನದಿಯಲ್ಲಿ ಇಡೀ ನೆವಾಡ ರಾಜ್ಯಕ್ಕೆ ಇರುವ ಪಾಲು ವರ್ಷಕ್ಕೆ 3 ಲಕ್ಷ ಎಕರೆ-ಅಡಿ ಮಾತ್ರ (ಒಂದು ಎಕರೆ ನೆಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರು ಒಂದು ಎಕರೆ-ಅಡಿ). ಸ್ನಾನದ ಮನೆ, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಇವುಗಳಿಂದ ಚರಂಡಿಗೆ ಹೋಗುವ ನೀರನ್ನು ಇಲ್ಲಿ ಶುದ್ಧೀಕರಿಸಿ ಬಹುಪಾಲು ಲೇಕ್ ಮೀಡ್‌ಗೇ ಮರಳಿ ಬಿಡುತ್ತಾರೆ, ಹಾಗೆ ಬಿಟ್ಟಷ್ಟನ್ನು ಮತ್ತೆ ತೆಗೆದುಕೊಳ್ಳುವ ಹಕ್ಕೂ ರಾಜ್ಯಕ್ಕಿದೆ. ಗಿಡಕ್ಕೆ, ಹುಲ್ಲಿಗೆ, ಈಜುಕೊಳಕ್ಕೆ ಹೋದ ನೀರು ಮಾತ್ರ ಆವಿಯಾಗಿ ಕೈತಪ್ಪುತ್ತದೆ. ಇಲ್ಲಿನ ನಿಯಮಗಳೆಲ್ಲ ಹಿತ್ತಲು ಮತ್ತು ಮುಂದಿನ ಅಂಗಳವನ್ನೇ ಏಕೆ ಹಿಡಿದಿವೆ ಎಂಬುದು ಇಷ್ಟರಿಂದ ಅರ್ಥವಾಗುತ್ತದೆ. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡುವ ನಮ್ಮ ಮನೆಗಳ ಶಿಸ್ತು ಒಳ್ಳೆಯದೇ ಆದರೂ, ಈ ಊರಿನಲ್ಲಿ ಅದಕ್ಕಿಂತ ಮುಖ್ಯವಾದದ್ದು ತೋಟದ ಟೈಮರಿನ ಮೇಲಿನ ನಿಗಾ.

ಮೀಟರಿನಿಂದಲೇ ಶುರುಮಾಡಿ. ಅದು ಸಾಮಾನ್ಯವಾಗಿ ರಸ್ತೆಯಂಚಿನಲ್ಲಿ, ನೆಲಮಟ್ಟದಲ್ಲಿ ಮುಚ್ಚಳ ಹಾಕಿದ ಪೆಟ್ಟಿಗೆಯೊಳಗೆ ಇರುತ್ತದೆ. ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎತ್ತಿ, ಬರಿಗೈ ಹಾಕಬೇಡಿ, ಏಕೆಂದರೆ ಆ ತಂಪು ಗೂಡಿನಲ್ಲಿ ವಿಷದ ಜೇಡ, ಚೇಳು ಸೇರಿಕೊಂಡಿರುವುದುಂಟು. ಬಿಲ್ಲು ಬರುವುದು ಸಾವಿರ ಗ್ಯಾಲನ್ ಲೆಕ್ಕದಲ್ಲಿ. ಬೆಂಗಳೂರಿನ ಕಿಲೋಲೀಟರ್ ಲೆಕ್ಕಕ್ಕೆ ಒಗ್ಗಿದವರು ಸಾವಿರ ಗ್ಯಾಲನ್ ಎಂದರೆ ಸುಮಾರು 3,785 ಲೀಟರ್ ಎಂದು ನೆನಪಿಟ್ಟುಕೊಂಡರೆ ಸಾಕು.

ಸೋರಿಕೆ ಪರೀಕ್ಷೆಗೆ ಮನೆಯ ಎಲ್ಲ ನಲ್ಲಿಗಳನ್ನೂ ತೋಟದ ಟೈಮರನ್ನೂ ನಿಲ್ಲಿಸಿ, ಮೀಟರಿನ ಮುಖದ ಮೇಲಿರುವ ಸಣ್ಣ ತ್ರಿಕೋನ ಅಥವಾ ಚಕ್ರವನ್ನು ಕೆಲವು ನಿಮಿಷ ದಿಟ್ಟಿಸಿ ನೋಡಬೇಕು. ಯಾರೂ ನೀರು ಬಳಸದಿರುವಾಗಲೂ ಅದು ಸಣ್ಣಗೆ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಆಗ ಮನೆಯೊಳಗೆ ಹೋಗುವ ಮುಖ್ಯ ವಾಲ್ವನ್ನು ಮುಚ್ಚಿ ಮತ್ತೆ ನೋಡಿ. ತಿರುಗುವುದು ನಿಂತರೆ ದೋಷ ಮನೆಯೊಳಗಿದೆ, ನಿಲ್ಲದಿದ್ದರೆ ಮೀಟರಿಗೂ ವಾಲ್ವಿಗೂ ನಡುವಿನ ಪೈಪಿನಲ್ಲಿದೆ. ತೋಟದ ಪೈಪು ಹಲವು ಮನೆಗಳಲ್ಲಿ ಈ ವಾಲ್ವಿಗಿಂತ ಮೊದಲೇ ಕವಲೊಡೆಯುವುದರಿಂದ ಅದನ್ನೂ ಶಂಕಿಸಬೇಕು. ಮನೆಯೊಳಗಾದರೆ ಮೊದಲು ನೋಡಬೇಕಾದದ್ದು ಕಮೋಡಿನ ತೊಟ್ಟಿ: ಅದಕ್ಕೆ ಅಡುಗೆಯ ಬಣ್ಣದ ಕೆಲವು ಹನಿ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಟ್ಟು ನೋಡಿದರೆ, ಕೆಳಗಿನ ನೀರಿಗೆ ಬಣ್ಣ ಇಳಿದಿದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲಿನ ನೀರು ಬಹಳ ಗಡಸಾದ್ದರಿಂದ ಹಲವರು ಸಾಫ್ಟ್‌ನರ್ ಹಾಕಿಸಿಕೊಂಡಿರುತ್ತಾರೆ. ಅದರ ವಾಲ್ವು ಸಿಕ್ಕಿಕೊಂಡರೆ ನೀರು ಸದ್ದಿಲ್ಲದೆ ಚರಂಡಿ ಸೇರುತ್ತಲೇ ಇರುತ್ತದೆ.

ನೀರು ಹಾಯಿಸುವ ವೇಳಾಪಟ್ಟಿ ಕಡ್ಡಾಯವಾದದ್ದು. ಪ್ರತಿ ಮನೆಯೂ ಒಂದು ಗುಂಪಿಗೆ ಸೇರಿರುತ್ತದೆ, ಆ ಗುಂಪಿಗೆ ವಾರದ ದಿನಗಳನ್ನು ಗೊತ್ತುಮಾಡಿರುತ್ತಾರೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ವಾರಕ್ಕೆ ಒಂದೇ ದಿನ, ಮಾರ್ಚ್–ಏಪ್ರಿಲ್ ಹಾಗೂ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮೂರು ದಿನ. ಮೇ 1ರಿಂದ ಆಗಸ್ಟ್ 31ರವರೆಗೆ ಭಾನುವಾರ ಬಿಟ್ಟು ಯಾವ ದಿನವಾದರೂ ಹಾಯಿಸಬಹುದು, ಆದರೆ ಬೆಳಗಿನ 11ರಿಂದ ಸಂಜೆ 7ರವರೆಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ಭಾನುವಾರ ವರ್ಷವಿಡೀ ನಿಷೇಧ. ಬೇಸಿಗೆಯ ಲೆಕ್ಕಕ್ಕೆ ಇಟ್ಟ ಟೈಮರನ್ನು ಸೆಪ್ಟೆಂಬರಿನಲ್ಲಿ ಬದಲಿಸಲು ಮರೆಯುವವರೇ ಹೆಚ್ಚು, ಆದ್ದರಿಂದ ಈ ನಾಲ್ಕು ತಾರೀಖುಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹನ್ನೆರಡು ನಿಮಿಷ ಒಟ್ಟಿಗೆ ಸ್ಪ್ರಿಂಕ್ಲರ್ ಬಿಟ್ಟರೆ ಇಲ್ಲಿನ ಗಟ್ಟಿ ನೆಲ ಹೀರದೆ ನೀರು ರಸ್ತೆಗೆ ಹರಿಯುತ್ತದೆ. ಅದನ್ನೇ ನಾಲ್ಕು ನಿಮಿಷಗಳ ಮೂರು ಸರದಿಯಾಗಿ, ನಡುವೆ ಒಂದೊಂದು ಗಂಟೆ ಬಿಟ್ಟು ಕೊಟ್ಟರೆ ಬೇರಿಗೆ ಇಳಿಯುತ್ತದೆ.

ನೀರು ನಿಮ್ಮ ಜಾಗ ದಾಟಿ ರಸ್ತೆಯ ಮೋರಿಗೆ ಹರಿದರೆ ಅದನ್ನು ನೀರು ಪೋಲು ಮಾಡಿದ ತಪ್ಪಾಗಿ ಪರಿಗಣಿಸುತ್ತಾರೆ. ಊರಿನ ಮನೆಗಳಿಗೆ ನೀರು ಕೊಡುವ ಲಾಸ್ ವೇಗಸ್ ವ್ಯಾಲಿ ವಾಟರ್ ಡಿಸ್ಟ್ರಿಕ್ಟ್ ವ್ಯಾಪ್ತಿಯಲ್ಲಿ ಇದರ ಶುಲ್ಕ 80 ಡಾಲರಿನಿಂದ ಆರಂಭವಾಗಿ, ತಪ್ಪು ಮರುಕಳಿಸಿದಂತೆ ಏರುತ್ತದೆ. ಆದ್ದರಿಂದ ಹಬ್ಬದ ಬೆಳಗ್ಗೆ ರಂಗೋಲಿಗೆಂದು ಪೈಪು ಹಿಡಿದು ಬಾಗಿಲ ಮುಂದೆ ತೊಳೆಯುವ ಪದ್ಧತಿಯನ್ನು ಇಲ್ಲಿ ಬಿಡಬೇಕು. ಪೊರಕೆಯಲ್ಲಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ ಸಿಮೆಂಟಿನ ಮೇಲೂ ರಂಗೋಲಿ ಚೆನ್ನಾಗಿ ಮೂಡುತ್ತದೆ.

ಈ ಡಿಸ್ಟ್ರಿಕ್ಟಿನ ದರ ನಾಲ್ಕು ಸ್ಲ್ಯಾಬುಗಳಲ್ಲಿದೆ. 5/8 ಅಂಗುಲದ ಮೀಟರಿಗೆ ತಿಂಗಳ ಮೊದಲ 5,000 ಗ್ಯಾಲನ್ ಅತಿ ಅಗ್ಗ, 20,000 ದಾಟಿದ್ದು ಅತಿ ದುಬಾರಿ. ಇದರ ಮೇಲೆ, 2023ರಿಂದ ಅತಿಬಳಕೆಗೆ ಪ್ರತ್ಯೇಕ ಶುಲ್ಕವೂ ಇದೆ, ಅದರ ಮಿತಿ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಹೆಂಡರ್ಸನ್, ನಾರ್ತ್ ಲಾಸ್ ವೇಗಸ್‌ಗಳಲ್ಲಿ ನೀರು ಕೊಡುವ ಸಂಸ್ಥೆ ಬೇರೆ, ದರವೂ ಬೇರೆ. ನದಿಯಲ್ಲಿ ನೀರಿನ ಕೊರತೆ ಘೋಷಣೆಯಾದಾಗ ಪ್ರತಿ ಮನೆಯ ಬಳಕೆಯನ್ನು ವರ್ಷಕ್ಕೆ ಅರ್ಧ ಎಕರೆ-ಅಡಿಗೆ, ಅಂದರೆ ಸುಮಾರು 1,63,000 ಗ್ಯಾಲನ್‌ಗೆ ಮಿತಿಗೊಳಿಸುವ ಅಧಿಕಾರವನ್ನು 2023ರ ರಾಜ್ಯ ಕಾನೂನು ಇಡೀ ಕಣಿವೆಯ ನೀರನ್ನು ನೋಡಿಕೊಳ್ಳುವ ಸದರ್ನ್ ನೆವಾಡ ವಾಟರ್ ಅಥಾರಿಟಿಗೆ ಕೊಟ್ಟಿದೆ.

ಹಳೆಯ ಮನೆಯಲ್ಲಿ ಹುಲ್ಲುಹಾಸು ಉಳಿದಿದ್ದರೆ ಅದನ್ನು ತೆಗೆಸಲು ಇದೇ ಅಥಾರಿಟಿ ಚದರ ಅಡಿಗೆ ಇಷ್ಟೆಂದು ಹಣ ಕೊಡುತ್ತದೆ. ಮೊದಲು ಅರ್ಜಿ ಹಾಕಿ, ಅವರು ಬಂದು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಹುಲ್ಲಿಗೆ ಕೈಹಾಕಿ. ಮೊದಲೇ ಕಿತ್ತವರಿಗೆ ಹಣ ಸಿಗುವುದಿಲ್ಲ. ಬರೀ ಜಲ್ಲಿ ಸುರಿದರೂ ನಡೆಯದು, ಗಿಡಗಳು ಪೂರ್ಣ ಬೆಳೆದಾಗ ಆ ಜಾಗದ ಅರ್ಧದಷ್ಟನ್ನಾದರೂ ಮುಚ್ಚುವಂತಿರಬೇಕು. ಹಣ ಪಡೆದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಸರಿಯಾದ ಷರತ್ತು, ಏಕೆಂದರೆ ಕೊಟ್ಟದ್ದು ಸಾರ್ವಜನಿಕರ ಹಣ. ಹೊಸ ಈಜುಕೊಳ ಕಟ್ಟಿಸುವ ಆಸೆಯಿದ್ದರೆ 2022ರಿಂದ ಅದರ ವಿಸ್ತೀರ್ಣ 600 ಚದರ ಅಡಿ ಮೀರುವಂತಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೊರಡುವವರು ಮನೆಯೊಳಗಿನ ಮುಖ್ಯ ವಾಲ್ವನ್ನು ಮುಚ್ಚಿ, ಗಿಡಗಳ ಹನಿ ನೀರಾವರಿ ಅದರಿಂದ ನಿಲ್ಲುವುದಿಲ್ಲವೆಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಮೀಟರಿನ ಅಂಕಿಯನ್ನು ಫೋಟೊ ತೆಗೆದಿಟ್ಟುಕೊಂಡು, ಟೈಮರ್ ಎಲ್ಲಿದೆ, ಹೇಗೆ ನಿಲ್ಲಿಸಬೇಕು ಎಂಬುದನ್ನು ನೆರೆಯವರೊಬ್ಬರಿಗೆ ತೋರಿಸಿಯೇ ಹೋಗಿ.