ರಾಗಿ ಹುಲ್ಲು, ಬ್ರೆಜಿಲ್ ಸೋಯಾ: ಎರಡು ದೇಶದ ಲೆಕ್ಕ ಕೂರಿಸಿದ ನನ್ನ ಅನುಭವ

ಕೊನೆಗೂ ಲೆಕ್ಕ ಪಾಸಾಯಿತು. ರಾಗಿ ಹಿಟ್ಟನ್ನು ಹೊರದೇಶಕ್ಕೆ ಕಳಿಸುವ ಅರಸೀಕೆರೆ ಕಡೆಯ ವ್ಯಾಪಾರಿಯೊಬ್ಬರಿಗಾಗಿ ಮಾಡಿದ ಕೆಲಸ ಇದು. ಅವರಿಂದ ಕೊಳ್ಳುವವರು ನಮ್ಮ ರಾಗಿಯನ್ನೂ ಬ್ರೆಜಿಲ್ ಸೋಯಾವನ್ನೂ ಪಕ್ಕಪಕ್ಕ ಇಟ್ಟು, ಬೆಳೆ ಉಳಿಕೆಯಿಂದ ಬರುವ ನೈಟ್ರಸ್ ಆಕ್ಸೈಡ್ ಅನ್ನುವ ಹಸಿರುಮನೆ ಅನಿಲ ಎಷ್ಟು ಅಂತ ಕೇಳಿದ್ದರು. "ಸುಮ್ನೆ ಟಿಯರ್ 1 ಹಾಕಿ ಮುಗಿಸಿ, ಹೊಲ ಸುತ್ತಿದ್ರೆ ಏನು ಸಿಗುತ್ತೆ?" ಅಂದವರೇ ಜಾಸ್ತಿ. ಸಿಕ್ಕಿತು.

ಟಿಯರ್ 1 ಅಂದರೆ ಹೊಲದಲ್ಲಿ ಅಳೆಯದೆ ಸಿದ್ಧ ಅಂಕಿಗಳಿಂದ ಮಾಡುವ ಲೆಕ್ಕ. ಮೊದಲು ಅದು ಏನು ಹೇಳುತ್ತದೆ ನೋಡಿ. ರಾಗಿ ಹೆಕ್ಟೇರಿಗೆ 2 ಟನ್ ಅಂತ ಇಟ್ಟುಕೊಂಡು ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ) 2006ರ ಮಾರ್ಗಸೂಚಿಯ ಸಿರಿಧಾನ್ಯದ ಸಾಲಿಗೆ ಹಾಕಿದರೆ, ನೆಲದ ಮೇಲಿನ ಒಣ ಉಳಿಕೆ ಸುಮಾರು 2.7 ಟನ್. ಅದರಲ್ಲಿ ಸಾರಜನಕ 19 ಕೆಜಿ. ಅದರಲ್ಲಿ ಶೇ. 1 ನೈಟ್ರಸ್ ಆಕ್ಸೈಡ್ ಆಗುತ್ತದೆ ಅನ್ನುವ ಗುಣಾಂಕ, ಆಮೇಲೆ ಸಾರಜನಕದ ತೂಕವನ್ನು ಆ ಅನಿಲದ ತೂಕಕ್ಕೆ ತಿರುಗಿಸುವ 44/28, ಆಮೇಲೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಬಿಸಿ ಏರಿಸುತ್ತದೆ ಅನ್ನುವ 265. ಹೆಕ್ಟೇರಿಗೆ 79 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಸೋಯಾ 3.3 ಟನ್ ಅಂದರೆ ಉಳಿಕೆ 4.1 ಟನ್, ಸಾರಜನಕ 33 ಕೆಜಿ, ಕೊನೆಗೆ 138. ಬೇರು, ಪರೋಕ್ಷ ಸೋರಿಕೆ ಬಿಟ್ಟಿದ್ದೇನೆ. ಟನ್ ಕಾಳಿಗೆ ಭಾಗಿಸಿದರೆ ಅಲ್ಲಿ 42, ಇಲ್ಲಿ 40. ಹೆಚ್ಚುಕಡಿಮೆ ಒಂದೇ!

ಇದನ್ನು ನಮ್ಮ ಕಡೆಯ ಯಾವ ರೈತ ಒಪ್ಪುತ್ತಾನೆ? ರಾಗಿ ಹುಲ್ಲನ್ನು ಹೊಲದಲ್ಲಿ ಬಿಡುವವರು ಯಾರು? ಅದು ಮೆದೆಗೆ ಹೋಗುತ್ತದೆ, ಅಲ್ವಾ. 2019ರ ಜಾನುವಾರು ಗಣತಿಯಲ್ಲಿ ದೇಶದ ದನ, ಎಮ್ಮೆ ಸೇರಿ 30 ಕೋಟಿ ದಾಟಿದ್ದವು. ಬ್ರೆಜಿಲ್‌ನಲ್ಲೂ ದನ ಕಡಿಮೆ ಇಲ್ಲ, ಆದರೆ ಹೆಚ್ಚಿನವು ಹುಲ್ಲುಗಾವಲಲ್ಲಿ ಮೇಯುತ್ತವೆ. ಅಲ್ಲಿ 1970ರ ದಶಕದಲ್ಲಿ ಪರಾನಾ ರಾಜ್ಯದಲ್ಲಿ ಶುರುವಾದ ಉಳುಮೆ ಇಲ್ಲದ ಬಿತ್ತನೆಗೆ ಉಳಿಕೆ ನೆಲದ ಮೇಲೇ ಇರಬೇಕು. ಹೊಲದಿಂದ ಎಷ್ಟು ಹೊರಗೆ ಹೋಯಿತು ಅನ್ನುವುದಕ್ಕೆ ಸೂತ್ರದಲ್ಲೇ ಜಾಗ ಇದೆ. ಮಾಹಿತಿ ಇಲ್ಲದಿದ್ದರೆ ಏನೂ ಹೋಗಿಲ್ಲ ಅಂತ ಹಿಡಿಯಿರಿ ಅನ್ನುತ್ತದೆ ಐಪಿಸಿಸಿ. ಸೋಯಾಕ್ಕೆ ಆ ಸೊನ್ನೆಯನ್ನೇ ಉಳಿಸಿದೆ, ಅಲ್ಲಿ ಅದು ನಿಜಕ್ಕೆ ಹತ್ತಿರ. ರಾಗಿಯ ಸೊನ್ನೆ ತೆಗೆಯಬೇಕಿತ್ತು.

ಮೊದಲು ಗ್ಯಾಸನ್ನೇ ಅಳೆಯಲು ಹೋದೆ. ನೆಲದಿಂದ ಬರುವ ಗ್ಯಾಸ್ ಹಿಡಿಯುವ ಮುಚ್ಚಿದ ಡಬ್ಬಿ, ಅಂದರೆ ಚೇಂಬರ್ ಮಾಡಿಸಿ, ಸಿರಿಂಜಲ್ಲಿ ಎಳೆದು, ಸೀಸೆಗೆ ತುಂಬಿ ಒಂದು ಲ್ಯಾಬಿಗೆ ಕಳಿಸಿದೆ. ಅಲ್ಲಿ ವಾರಗಟ್ಟಲೆ ಬಿದ್ದಿದ್ದವು. ಬಂದ ಅಂಕಿ ಎಲ್ಲಾ ಹೊರಗಿನ ಗಾಳಿಯದೇ. ಓಡಾಟವೂ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು. ಆಮೇಲೆ ಮನೆ ಮನೆಗೆ ಹೋಗಿ ಕೇಳಿದೆ. "ಎಲ್ಲಾ ತಂದ್ವಿ ಸಾರ್" ಅನ್ನುತ್ತಾರೆ. ಒಂದು ಟ್ರ್ಯಾಕ್ಟರ್ ಹುಲ್ಲು ಅಂದರೆ ಒಬ್ಬೊಬ್ಬರದು ಒಂದೊಂದು ತೂಕ. ಅದೂ ಕೈಬಿಟ್ಟೆ.

ಕೈಹಿಡಿದದ್ದು ಬರೀ ತಕ್ಕಡಿ. ಕೊಯ್ಲಿಗೆ ಮುಂಚೆ ಒಂದು ಮೀಟರ್ ಚೌಕದಲ್ಲಿ ಬುಡಕ್ಕೇ ಕುಯ್ದು ತೂಕ. ಕೊಯ್ಲಾದ ಮೇಲೆ ಪಕ್ಕದ ಚೌಕದಲ್ಲಿ ಕೂಳೆಯ ತೂಕ. ಎರಡನ್ನೂ ಓವನ್‌ನಲ್ಲಿ ಒಣಗಿಸಲೇಬೇಕು, ಬಿಸಿಲಲ್ಲಿ ಒಣಗಿಸಿದ್ದು ನಂಬಬೇಡಿ. ಕುಡುಗೋಲಿನ ಕಡೆ ಹತ್ತರಲ್ಲಿ ಎಂಟು ಪಾಲು ಹೊರಗೆ ಹೋಗಿತ್ತು. ಯಂತ್ರ ಇಳಿದ ಕಡೆ ಅರ್ಧದ ಮೇಲೆ ಸ್ವಲ್ಪ, ಅಷ್ಟೇ. ಕೂಲಿ, ಓವನ್ ಬಾಡಿಗೆ ಎಲ್ಲಾ ಸೇರಿ ಹನ್ನೆರಡು ಸಾವಿರ ಇರಬಹುದು. ಚೌಕ ಎಲ್ಲಿ ಇಡಬೇಕು ಅನ್ನುವುದರಲ್ಲೇ ಕೆಲಸ ಇರುವುದು. ಬದುವಿನ ಹತ್ತಿರ ಬೇಡ ಅಂತಷ್ಟೇ ಹೇಳುತ್ತೇನೆ, ಉಳಿದದ್ದು ನನ್ನ ಹತ್ತಿರವೇ ಇರಲಿ.

ಕುಡುಗೋಲಿನ ರಾಗಿಗೆ 79 ಹೋಗಿ 16 ಆಯಿತು. ಟನ್ನಿಗೆ 8. ಸೋಯಾ 42ರಲ್ಲೇ ನಿಂತಿದೆ. ಈ ಅಂತರವನ್ನು ಹಾಸನದಲ್ಲಿ ಕೂತು ತೋರಿಸಿದೆ ಅನ್ನುವ ಹೆಮ್ಮೆ ನನಗಿದೆ.

"ಲೆಕ್ಕನ ತಿಪ್ಪೆಗೆ ದಾಟಿಸಿದ್ರಿ, ಅಷ್ಟೇ" ಅಂತ ಒಬ್ಬರು ತಕರಾರು ತೆಗೆದರು. ದಾಟಿಸಿದ್ದು ನಿಜ, ದಾಟಲೇಬೇಕು. ಸಗಣಿ, ಹಸುವಿನ ಮೀಥೇನ್ ಜಾನುವಾರು ಲೆಕ್ಕದಲ್ಲಿ ಮೊದಲಿಂದಲೂ ಇವೆ. ಒಂದೇ ಹುಲ್ಲಿನ ಸಾರಜನಕ ಹೊಲದಲ್ಲೊಮ್ಮೆ, ಕೊಟ್ಟಿಗೆಯಲ್ಲೊಮ್ಮೆ ಎಣಿಕೆಯಾಗುತ್ತಿತ್ತು. ಅದು ನಿಂತಿತು.

ಇನ್ನೊಂದು ವಿಷಯ. 265ರ ಬದಲು ಹಳೇ 310 ಇರುವ ಶೀಟುಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಐಪಿಸಿಸಿಯ ಬೇರೆ ಬೇರೆ ವರದಿಗಳ 298, 273 ಕೂಡ ಸಿಗುತ್ತವೆ. ಎರಡು ದೇಶಕ್ಕೆ ಎರಡು ಗುಣಾಂಕ ಬಿದ್ದರೆ ಹೊಲದಲ್ಲಿ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಡುವೆ ಆಲೂಗಡ್ಡೆಯನ್ನೂ ತೂಗಿದೆ. ಸೂತ್ರದ ಪ್ರಕಾರ ಇಳುವರಿ ಎಷ್ಟೇ ಇರಲಿ, ಹೆಕ್ಟೇರಿಗೆ ಒಂದು ಟನ್ ಮೇಲೆ ಒಣ ಬಳ್ಳಿ ಇರಲೇಬೇಕು. ನಮ್ಮ ಮುಂಗಾರಿನ ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ಅಗೆಯುವ ಹೊತ್ತಿಗೆ ಬಳ್ಳಿಯೇ ಇರುವುದಿಲ್ಲ. ಅದರ ಅಂಕಿ ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಈ ಸಲ ಸಕಲೇಶಪುರದ ಗದ್ದೆಗೆ ಇಳಿಯುತ್ತಿದ್ದೇನೆ. ಬ್ರೆಜಿಲ್ ಭತ್ತ ಬಹುಪಾಲು ರಿಯೊ ಗ್ರಾಂಡೆ ಡೊ ಸುಲ್‌ನ ನೀರು ನಿಂತ ಗದ್ದೆಯದು, ಹೋಲಿಕೆ ಚೆನ್ನಾಗಿ ಕೂರುತ್ತದೆ. ನಾಟಿಗೆ ಒಂದು ತಿಂಗಳಿಗಿಂತ ಮುಂಚೆ ಹುಲ್ಲು ಮಣ್ಣಿಗೆ ಸೇರಿದರೆ ಐಪಿಸಿಸಿ 2006ರ ಮೀಥೇನ್ ಲೆಕ್ಕದಲ್ಲಿ ಅದರ ಗುಣಾಂಕ 1ರಿಂದ 0.29ಕ್ಕೆ ಇಳಿಯುತ್ತದೆ. ಹಾಗಾಗಿ ಹುಲ್ಲು ಉತ್ತ ದಿನ, ನಾಟಿಯ ದಿನ ಎರಡನ್ನೂ ಆಗಾಗಲೇ ಬರೆದುಕೊಳ್ಳಬೇಕು. ವರ್ಷ ಕಳೆದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.